ಎಷ್ಟು ಮೋಟಾರು, ಯಾವ ಕಡೆಗೆ? ಡಿಎನ್‌ಎ ಚೌಕಟ್ಟಿನ ಮೇಲೊಂದು ಹಗ್ಗಜಗ್ಗಾಟ

ಬೆನ್ನುಹುರಿಯ ಬಳಿಯಿಂದ ಹೊರಟು ಕಾಲಿನ ಬೆರಳು ಮುಟ್ಟುವ ನರಕೋಶದ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದ ಇರುತ್ತದೆ. ಅದರ ತುದಿಗೆ ಬೇಕಾಗುವ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಮೇಲೆ, ಕೋಶದ ಒಡಲಿನಲ್ಲಿ. ಅವು ತಮ್ಮಷ್ಟಕ್ಕೆ ತೇಲಿ ಹರಡಿಕೊಂಡು ಕೆಳಗೆ ತಲುಪಬೇಕೆಂದರೆ ಸಾವಿರಕ್ಕೂ ಹೆಚ್ಚು ವರ್ಷ ಹಿಡಿಯುತ್ತದೆ. ಸೆಕೆಂಡಿಗೆ ಒಂದು ಮೈಕ್ರೊಮೀಟರಿನಂತೆ ಯಾರಾದರೂ ಹೊತ್ತೊಯ್ದರೆ ಹನ್ನೆರಡು ದಿನ ಸಾಕು.

ಹೊತ್ತೊಯ್ಯುವ ಕೆಲಸ ಮೋಟಾರ್ ಪ್ರೋಟೀನುಗಳದು. ಎಟಿಪಿ ಎಂಬ ಅಣುವನ್ನು ಒಡೆದು ಸಿಗುವ ಶಕ್ತಿಯಿಂದ ಅವು ಮೈಕ್ರೊಟ್ಯೂಬ್ಯೂಲ್ ಎಂಬ 25 ನ್ಯಾನೊಮೀಟರ್ ದಪ್ಪದ ಕೊಳವೆಯ ಮೇಲೆ ಹೆಜ್ಜೆಯಿಡುತ್ತವೆ. ಕೈನೆಸಿನ್ ಕುಟುಂಬದ ಬಹುಪಾಲು ಸದಸ್ಯರು ಆಕ್ಸಾನಿನ ತುದಿಯ ಕಡೆ ಹೋದರೆ, ಡೈನೀನ್ ಒಡಲಿನ ಕಡೆ ಬರುತ್ತದೆ. ಆದರೆ ಒಂದೇ ಸರಕಿನ ಮೈಮೇಲೆ ಈ ಎರಡೂ ಬಗೆಯವು ಒಟ್ಟಿಗೆ ಅಂಟಿಕೊಂಡಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಮೈಟೊಕಾಂಡ್ರಿಯ ಮುಂದಕ್ಕೆ ಹೋಗುತ್ತದೆ, ತಡೆದು ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಮುಂದಕ್ಕೆ ಹೊರಡುತ್ತದೆ. ಸರಕು ಯಾವ ಕಡೆ ಹೋಗಬೇಕೆಂದು ಯಾರು ತೀರ್ಮಾನಿಸುತ್ತಾರೆ? ಈ ಪ್ರಶ್ನೆಯ ಮೇಲೆ ಕಾಲು ಶತಮಾನದಿಂದ ವಾದ ನಡೆದಿದೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ವಾದದ ದಿಕ್ಕು ಬದಲಿಸಿದ್ದು ಡಿಎನ್‌ಎ. ವಂಶವಾಹಿಯ ಪಾತ್ರ ಬಿಟ್ಟು ಇಲ್ಲಿ ಅದು ಕಟ್ಟಡದ ಸಾಮಗ್ರಿಯಾಗಿ ಬಂದಿದೆ.

ಒಂಟಿ ಮೋಟಾರಿನ ಕಾಲ

ಮೊದಲು ಸಿಕ್ಕಿದ್ದು ಡೈನೀನ್. 1965ರಲ್ಲಿ ಇಯನ್ ಗಿಬನ್ಸ್ ಮತ್ತು ಆರ್ಥರ್ ರೋ, ಟೆಟ್ರಾಹೈಮೆನ ಎಂಬ ಏಕಕೋಶ ಜೀವಿಯ ಮೈಮೇಲಿನ ಸಿಲಿಯಾಗಳಿಂದ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಕೈನೆಸಿನ್ ಸಿಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಅಮೆರಿಕದ ವುಡ್ಸ್ ಹೋಲ್‌ನಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್, ಮೈಕೆಲ್ ಶೀಟ್ಜ್ ಸ್ಕ್ವಿಡ್‌ನ ದೈತ್ಯ ಆಕ್ಸಾನಿನ ಒಳದ್ರವದೊಂದಿಗೆ ಕೆಲಸ ಮಾಡುತ್ತ 1985ರಲ್ಲಿ ಅದನ್ನು ಗುರುತಿಸಿದರು. ಅದಕ್ಕೂ ಎರಡು ವರ್ಷ ಮೊದಲು ಶೀಟ್ಜ್ ಮತ್ತು ಜೇಮ್ಸ್ ಸ್ಪುಡಿಚ್, ಮಯೋಸಿನ್ ಎಂಬ ಇನ್ನೊಂದು ಮೋಟಾರನ್ನು ಸವರಿದ ಪುಟ್ಟ ಮಣಿಗಳು ನೈಟೆಲ ಎಂಬ ಪಾಚಿಯ ಆಕ್ಟಿನ್ ಎಳೆಗಳ ಮೇಲೆ ಓಡುವುದನ್ನು ತೋರಿಸಿದ್ದರು. ಜೀವಕೋಶದ ಹೊರಗೂ ಮೋಟಾರಿನ ಓಟವನ್ನು ನೋಡಬಹುದು, ಅಳೆಯಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ.

ಆಮೇಲಿನದು ಅಳತೆಯ ಯುಗ. ಲೇಸರ್ ಬೆಳಕಿನಿಂದ ಮಣಿಯನ್ನು ಹಿಡಿದಿಡುವ ಆರ್ಥರ್ ಆಶ್ಕಿನ್ನರ ವಿಧಾನವನ್ನು ಬಳಸಿ, ಕರೆಲ್ ಸ್ವೊಬೊಡ, ಸ್ಟೀವನ್ ಬ್ಲಾಕ್ ಮತ್ತು ಸಂಗಡಿಗರು 1993ರಲ್ಲಿ ಕೈನೆಸಿನ್ನಿನ ಹೆಜ್ಜೆ 8 ನ್ಯಾನೊಮೀಟರ್ ಎಂದು ಅಳೆದರು. ಮೈಕ್ರೊಟ್ಯೂಬ್ಯೂಲಿನ ಇಟ್ಟಿಗೆಯಾದ ಟ್ಯೂಬ್ಯುಲಿನ್ ಜೋಡಿಯ ಉದ್ದವೂ ಅಷ್ಟೇ. ಎದುರಿನಿಂದ ಐದಾರು ಪಿಕೊನ್ಯೂಟನ್ ಎಳೆತ ಬಂದಾಗ ಅದು ಮುಂದೆ ಹೋಗಲಾರದೆ ನಿಲ್ಲುತ್ತದೆ. ಅಹ್ಮೆತ್ ಯಿಲ್ದಿಜ್, ಪಾಲ್ ಸೆಲ್ವಿನ್ ಮತ್ತು ಜೊತೆಗಾರರು 2003ರಲ್ಲಿ ಮಯೋಸಿನ್-5ರ ಮೇಲೆ, 2004ರಲ್ಲಿ ಕೈನೆಸಿನ್ ಮೇಲೆ ಹೊಳೆಯುವ ಒಂದು ಬಣ್ಣದ ಅಣುವನ್ನು ಕಟ್ಟಿ ಇನ್ನೊಂದು ಜಗಳ ತೀರಿಸಿದರು. ಮೋಟಾರಿನ ಎರಡು ತಲೆಗಳು ನಾವು ನಡೆಯುವ ರೀತಿಯಲ್ಲೇ ಒಂದಾದ ಮೇಲೊಂದು ಮುಂದೆ ಬರುತ್ತವೆ; ಒಂದೇ ತಲೆ ಸದಾ ಮುಂದಿರುವುದಿಲ್ಲ. ಡೈನೀನ್ ಮಾತ್ರ ಈ ಶಿಸ್ತಿಗೆ ಒಗ್ಗಲಿಲ್ಲ. ಅದರ ಹೆಜ್ಜೆಗೆ ಒಂದೇ ಅಳತೆ ಇಲ್ಲ, ಆಗಾಗ ಪಕ್ಕಕ್ಕೂ ಹಿಂದಕ್ಕೂ ಇಡುತ್ತದೆ.

ಒಂಟಿ ಮೋಟಾರಿನ ವಿಷಯದಲ್ಲಿ ಇಷ್ಟು ಖಚಿತವಾಗಿ ಮಾತಾಡಲು ಬಂತು. ಜೀವಕೋಶದಲ್ಲಿ ಸರಕನ್ನು ಎಳೆಯುವುದು ಮಾತ್ರ ಒಂಟಿ ಮೋಟಾರಲ್ಲ.

ಎರಡು ಪಂಥ

ಹಗ್ಗಜಗ್ಗಾಟದ ಪಂಥ ಹೇಳುವುದು ಸರಳ. ಎರಡು ಗುಂಪುಗಳೂ ಎಳೆಯುತ್ತಲೇ ಇರುತ್ತವೆ, ಆ ಗಳಿಗೆಯಲ್ಲಿ ಯಾರ ಬಲ ಹೆಚ್ಚೋ ಸರಕು ಅವರ ಕಡೆ. ಇದಕ್ಕೆ ಗಣಿತದ ಬಿಗಿ ತಂದುಕೊಟ್ಟವರು ಜರ್ಮನಿಯ ಮೆಲಾನಿ ಮ್ಯೂಲರ್, ಸ್ಟೆಫಾನ್ ಕ್ಲುಂಪ್ ಮತ್ತು ರೈನ್‌ಹಾರ್ಡ್ ಲಿಪೋವ್ಸ್ಕಿ. 2008ರ ಅವರ ಮಾದರಿಯಲ್ಲಿ ಮೇಲಿನಿಂದ ಅಪ್ಪಣೆ ಕೊಡುವವರು ಯಾರೂ ಇಲ್ಲ. ಒಂದು ಮೋಟಾರ್ ಕೈಬಿಟ್ಟರೆ ಅದರ ಹೊರೆ ಜೊತೆಯವರ ಮೇಲೆ ಬೀಳುತ್ತದೆ, ಅವೂ ಬೇಗ ಕೈಬಿಡುತ್ತವೆ, ಸೋಲುವ ಗುಂಪು ಒಮ್ಮೆಲೇ ಕಳಚಿಬೀಳುತ್ತದೆ. ಹೀಗಾಗಿ ಎರಡೂ ಕಡೆ ಎಳೆತವಿದ್ದರೂ ಸರಕು ನಡುವೆ ಸಿಕ್ಕಿಬೀಳದೆ ಚುರುಕಾಗಿ ಅತ್ತಿತ್ತ ಓಡಬಲ್ಲದು. ಮುಂಬೈಯ ಟಿಐಎಫ್‌ಆರ್‌ನಲ್ಲಿ ರೂಪ್ ಮಲ್ಲಿಕ್ ಅವರ ತಂಡ 2009ರಲ್ಲಿ ಡಿಕ್ಟಿಯೊಸ್ಟೀಲಿಯಂ ಎಂಬ ಅಮೀಬದ ಎಂಡೊಸೋಮುಗಳಲ್ಲಿ, ಅಂದರೆ ಕೋಶದೊಳಗಿನ ಪೊರೆಯ ಚೀಲಗಳಲ್ಲಿ, ಇಂಥ ಜಗ್ಗಾಟವನ್ನು ಕಂಡಿತು. ಎಳೆತಕ್ಕೆ ಸಿಕ್ಕಿ ಎಂಡೊಸೋಮುಗಳು ಉದ್ದವಾಗುತ್ತಿದ್ದವು, ಕೆಲವು ತುಂಡೂ ಆಗುತ್ತಿದ್ದವು.

ಇದಕ್ಕೆದುರಾಗಿ ನಿಂತದ್ದು ಹೊಂದಾಣಿಕೆಯ ಪಂಥ. ಅವರ ಬಲವಾದ ಆಧಾರ ಒಂದು ವಿಚಿತ್ರ ಅವಲೋಕನ: ಕೈನೆಸಿನ್ ಕೆಡಿಸಿದರೆ ಡೈನೀನಿಗೆ ಎದುರಾಳಿ ಇಲ್ಲದಂತಾಗಿ ಸರಕು ಹಿಂದಕ್ಕೆ ಸರಾಗವಾಗಿ ಓಡಬೇಕಿತ್ತು. ಎಷ್ಟೋ ಸಂದರ್ಭಗಳಲ್ಲಿ ಹಾಗಾಗುವುದಿಲ್ಲ, ಎರಡೂ ದಿಕ್ಕಿನ ಓಟ ನಿಂತುಹೋಗುತ್ತದೆ. ಜಗ್ಗಾಟವೇ ಎಲ್ಲವೂ ಆಗಿದ್ದರೆ ಇದು ಹೇಗೆ? ಸ್ಟೀವನ್ ಗ್ರಾಸ್, ಅಂಬರೀಶ್ ಕುನ್ವರ್ ಮೊದಲಾದವರು 2011ರಲ್ಲಿ, ಹಣ್ಣಿನ ನೊಣದ ಕೊಬ್ಬಿನ ಹನಿಗಳ ಓಟವನ್ನು ಬರೀ ಯಾಂತ್ರಿಕ ಜಗ್ಗಾಟದ ಮಾದರಿ ವಿವರಿಸಲಾರದು ಎಂದು ತೋರಿಸಿದರು. ಸರಕಿಗೂ ಮೋಟಾರಿಗೂ ನಡುವೆ ನಿಲ್ಲುವ ಜೋಡಣೆ ಪ್ರೋಟೀನುಗಳು ಒಂದು ಬಗೆಯ ಮೋಟಾರಿಗೆ ಚಾಲನೆ ಕೊಟ್ಟು ಇನ್ನೊಂದನ್ನು ತಡೆಯುತ್ತವೆ ಎಂಬುದು ಈ ಪಂಥದ ವಿವರಣೆ. ಜೆಐಪಿ1 ಅಂಥದೊಂದು. ಅದರ ಒಂದು ಜಾಗಕ್ಕೆ ಫಾಸ್ಫೇಟ್ ಅಂಟಿದಾಗ ಸರಕು ಹೋಗುವ ದಿಕ್ಕು ಬದಲಾಗುತ್ತದೆ ಎಂದು ಎರಿಕಾ ಹೋಲ್ಜ್‌ಬೌರ್ ಅವರ ಪ್ರಯೋಗಾಲಯ ತೋರಿಸಿದೆ.

ಇವೆರಡರ ನಡುವೆ ಇನ್ನೊಂದು ನಿಲುವೂ ಇದೆ. ವ್ಲಾದಿಮಿರ್ ಗೆಲ್ಫಾಂಡ್ ಅವರ ಪ್ರಯೋಗಾಲಯ 2009ರಲ್ಲಿ ಕೈನೆಸಿನ್ನನ್ನು ತೆಗೆದು ಆ ಜಾಗದಲ್ಲಿ ಅದಕ್ಕೆ ಸಂಬಂಧವಿಲ್ಲದ, ಅದೇ ದಿಕ್ಕಿಗೆ ಓಡುವ ಇನ್ನೊಂದು ಮೋಟಾರನ್ನು ಕೂರಿಸಿದಾಗ ಎರಡೂ ಕಡೆಯ ಓಟ ಮರಳಿತು. ಎದುರಿನಿಂದ ಯಾರಾದರೂ ಎಳೆಯುವುದೇ ಡೈನೀನಿಗೆ ಚಾಲನೆ ಎಂಬ ಸಾಧ್ಯತೆಯನ್ನು ಇದು ತೆರೆಯಿತು.

ಮೂರೂ ವಾದಗಳು ಒಂದೇ ಕಡೆ ಎಡವುತ್ತಿದ್ದವು. ನೋಡುತ್ತಿರುವ ಸರಕಿನ ಮೇಲೆ ಎಷ್ಟು ಮೋಟಾರುಗಳಿವೆ ಎಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಪ್ಲಾಸ್ಟಿಕ್ ಮಣಿಗೆ ಮೋಟಾರ್ ಸವರಿದಾಗಲೂ ಅದೇ ಪಾಡು. ಎಷ್ಟು ಅಂಟಿದವು, ಯಾವ ಮುಖವಾಗಿ ಅಂಟಿದವು ಎಂಬುದನ್ನೆಲ್ಲ ಸರಾಸರಿಯಿಂದ ಊಹಿಸಬೇಕಿತ್ತು.

ಎಣಿಸಿ ಜೋಡಿಸುವ ಚೌಕಟ್ಟು

ಡಿಎನ್‌ಎಯನ್ನು ಕಟ್ಟಡ ಸಾಮಗ್ರಿಯಾಗಿ ಬಳಸುವ ಯೋಚನೆ ನೆಡ್ರಿಯನ್ ಸೀಮನ್ ಅವರದು. ಕವಲೊಡೆದ ಡಿಎನ್‌ಎ ತುಂಡುಗಳನ್ನು ಹೆಣೆದು ಜಾಲರಿ ಮಾಡಬಹುದೆಂದು 1982ರಲ್ಲಿ ಬರೆದರು. 1991ರಲ್ಲಿ ಡಿಎನ್‌ಎಯ ಘನಾಕೃತಿಯನ್ನೇ ಕಟ್ಟಿದರು. ಇದನ್ನು ಎಲ್ಲರ ಕೈಗೆಟಕುವಂತೆ ಮಾಡಿದ್ದು 2006ರಲ್ಲಿ ಪಾಲ್ ರೋಥೆಮಂಡ್ ತೋರಿಸಿದ ಡಿಎನ್‌ಎ ಒರಿಗಾಮಿ. ಎಂ13 ಎಂಬ ವೈರಸ್ಸಿನಿಂದ ಸುಮಾರು ಏಳು ಸಾವಿರ ಅಕ್ಷರಗಳ ಉದ್ದನೆಯ ಒಂಟಿ ಎಳೆ ತೆಗೆದುಕೊಂಡು, ಅದನ್ನು ಬೇಕಾದಲ್ಲಿ ಮಡಿಸಿ ಹಿಡಿಯುವ ಇನ್ನೂರಕ್ಕೂ ಹೆಚ್ಚು ಗಿಡ್ಡ ಎಳೆಗಳ ಜೊತೆ ಬೆರೆಸಿ, ಕಾಯಿಸಿ, ತಣಿಯಲು ಬಿಟ್ಟರಾಯಿತು. 100 ನ್ಯಾನೊಮೀಟರ್ ಅಗಲದ ನಗುಮುಖಗಳು ತಾವಾಗಿಯೇ ಮಡಿಸಿಕೊಂಡು ತಯಾರಾದವು. 2009ರಲ್ಲಿ ಶಾನ್ ಡಗ್ಲಸ್, ವಿಲಿಯಂ ಶಿ ಮೊದಲಾದವರು ಇದನ್ನು ಮೂರು ಆಯಾಮಕ್ಕೆ ಒಯ್ದರು.

ಮೋಟಾರ್ ಸಂಶೋಧಕರಿಗೆ ಇದರಲ್ಲಿ ಕಂಡದ್ದು ವಿಳಾಸ. ಪ್ರತಿ ಗಿಡ್ಡ ಎಳೆಯೂ ಚೌಕಟ್ಟಿನಲ್ಲಿ ಒಂದು ಗೊತ್ತಾದ ಜಾಗದಲ್ಲೇ ಕೂರುತ್ತದೆ. ಆ ಎಳೆಗೆ ಒಂದು ಬಾಲ ಬಿಟ್ಟು, ಬಾಲಕ್ಕೆ ಹೊಂದುವ ಡಿಎನ್‌ಎ ತುಂಡನ್ನು ಮೋಟಾರಿಗೆ ಅಂಟಿಸಿದರೆ ಮೋಟಾರ್ ಅಲ್ಲಿಗೇ ಬಂದು ಕೂರುತ್ತದೆ. ಎಷ್ಟು ಬಾಲ ಬಿಡುತ್ತೇವೋ ಅಷ್ಟು ಮೋಟಾರು, ಎಷ್ಟು ಅಂತರದಲ್ಲಿ ಬಿಡುತ್ತೇವೋ ಅಷ್ಟು ಅಂತರ.

2012ರಲ್ಲಿ ಸಮಾರಾ ರೆಕ್-ಪೀಟರ್ಸನ್ ಮತ್ತು ವಿಲಿಯಂ ಶಿ ಅವರ ತಂಡಗಳು, ನೇಥನ್ ಡರ್ ಮೊದಲ ಲೇಖಕರಾಗಿ ಪ್ರಕಟಿಸಿದ ಪ್ರಯೋಗ ಇಡೀ ಕ್ಷೇತ್ರದ ತಿರುವು. ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಹನ್ನೆರಡು ಡಿಎನ್‌ಎ ಸುರುಳಿಗಳನ್ನು ಒತ್ತಾಗಿ ಕಟ್ಟಿ ಮಾಡಿದ ಒಂದು ಕೋಲು. ಕೋಲಿನ ಉದ್ದಕ್ಕೂ ಬಾಲಗಳು. ಕೆಲವಕ್ಕೆ ಯೀಸ್ಟ್ ಡೈನೀನ್, ಕೆಲವಕ್ಕೆ ಮನುಷ್ಯನ ಕೈನೆಸಿನ್-1. ಗಾಜಿನ ಮೇಲೆ ಮೈಕ್ರೊಟ್ಯೂಬ್ಯೂಲುಗಳನ್ನು ಅಂಟಿಸಿ, ಈ ಕೋಲುಗಳಿರುವ ದ್ರವ ಹರಿಸಿ, ಎಟಿಪಿ ಕೊಟ್ಟು, ಹೊಳೆಯುವ ಚುಕ್ಕೆಗಳನ್ನು ಚಿತ್ರೀಕರಿಸುತ್ತಾರೆ. ಆ ಚಿತ್ರಗಳಿಂದ ಒಂದು ನಕ್ಷೆ ಹೊರಡುತ್ತದೆ. ಅಡ್ಡಕ್ಕೆ ದೂರ, ಮೇಲಿನಿಂದ ಕೆಳಕ್ಕೆ ಕಾಲ. ಓಡುವ ಚುಕ್ಕೆ ಓರೆಗೆರೆಯಾಗುತ್ತದೆ, ನಿಂತ ಚುಕ್ಕೆ ನೇರ ಕೆಳಗಿಳಿಯುವ ಗೆರೆಯಾಗುತ್ತದೆ.

ಒಂದೇ ಬಗೆಯ ಮೋಟಾರುಗಳನ್ನು ಒಂದರಿಂದ ಏಳರವರೆಗೆ ಕೂರಿಸಿದಾಗ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ. ಎದುರಾಳಿಗಳನ್ನು ಒಂದೇ ಕೋಲಿನ ಮೇಲೆ ಕೂರಿಸಿದಾಗ ಎಷ್ಟೋ ಕೋಲುಗಳು ಅಲ್ಲಾಡದೆ ನಿಂತವು. ನೇರ ಗೆರೆ. ಅದು ಬಿಗಿ ಜಗ್ಗಾಟವೋ, ಕೆಟ್ಟುಹೋದ ಮೋಟಾರ್ ಗಾಜಿಗೆ ಅಂಟಿದ್ದೋ? ಇದನ್ನು ತಿಳಿಯಲು ಒಂದು ಬಗೆಯ ಮೋಟಾರಿಗೆ ಬೆಳಕು ಬಿದ್ದರೆ ಕತ್ತರಿಸಿಹೋಗುವ ಕೊಂಡಿ ಹಾಕಿದ್ದರು. ಲೇಸರ್ ಬೆಳಕು ಬಿಟ್ಟಾಗ ನಿಂತಿದ್ದ ಕೋಲು ಉಳಿದ ಮೋಟಾರಿನ ದಿಕ್ಕಿಗೆ ಹೊರಟಿತು. ನೇರ ಗೆರೆ ಅಲ್ಲಿಂದ ಓರೆಯಾಯಿತು. ಯಾವ ಜೋಡಣೆ ಪ್ರೋಟೀನೂ ಇಲ್ಲದ, ಅಪ್ಪಣೆ ಕೊಡುವವರು ಯಾರೂ ಇಲ್ಲದ ಕಡೆ ಜಗ್ಗಾಟ ನಿಜವಾಗಿ ನಡೆಯುತ್ತದೆ ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ಅಲ್ಲಿಯವರೆಗೆ ಇರಲಿಲ್ಲ. ಅದೇ ಪ್ರಯೋಗ ಹೊಂದಾಣಿಕೆಯ ಪಂಥಕ್ಕೂ ಅಷ್ಟೇ ಬಲ ಕೊಟ್ಟಿತು ಎಂದು ನನ್ನ ಅಭಿಪ್ರಾಯ. ಮೇಲ್ವಿಚಾರಣೆ ಇಲ್ಲದ ಜಗ್ಗಾಟ ಕೊನೆಗೊಳ್ಳುವುದು ಹೀಗೆ ಸಿಕ್ಕಿಬಿದ್ದು ನಿಲ್ಲುವುದರಲ್ಲಾದರೆ, ಜೀವಕೋಶದ ಸರಕು ಚುರುಕಾಗಿ ಓಡಾಡುವುದಕ್ಕೆ ಬೇರೇನೋ ಬೇಕು.

ಬಲಕ್ಕಿಂತ ಹಿಡಿತ

ಇಲ್ಲಿಂದ ಮುಂದಿನ ಕೆಲಸವೇ ಈ ವಾದದಲ್ಲಿ ನನಗೆ ಅತಿ ಮುಖ್ಯವೆನಿಸುವುದು. ಎಷ್ಟು ಬಲ ಎಂಬ ಪ್ರಶ್ನೆ ಹಿಂದೆ ಸರಿದು, ಎಷ್ಟು ಬೇಗ ಕೈಬಿಡುತ್ತದೆ, ಬಿಟ್ಟ ಮೇಲೆ ಎಷ್ಟು ಬೇಗ ಮತ್ತೆ ಹಿಡಿಯುತ್ತದೆ ಎಂಬುದು ಮುಂದೆ ಬಂತು.

ಸೂಚನೆ ಮೊದಲೇ ಇತ್ತು. ರೈಸ್ ವಿಶ್ವವಿದ್ಯಾಲಯದ ಮೈಕೆಲ್ ಡೀಲ್ ಅವರ ತಂಡ 2009-10ರಲ್ಲಿ ಡಿಎನ್‌ಎ ತುಂಡಿನ ಮೇಲೆ ಎರಡೇ ಎರಡು ಕೈನೆಸಿನ್ ಕೂರಿಸಿ ನೋಡಿದಾಗ, ಹೆಚ್ಚಿನ ಹೊತ್ತು ಎಳೆಯುತ್ತಿದ್ದದ್ದು ಒಂದೇ. ಜಪಾನಿನ ಕೆನ್ಯ ಫುರುಟ ಮತ್ತು ಸಂಗಡಿಗರು 2013ರಲ್ಲಿ ಕೈನೆಸಿನ್-1ರ ಜೊತೆ ಎನ್‌ಸಿಡಿ ಎಂಬ ಬಡಪಾಯಿ ಮೋಟಾರನ್ನೂ ಹೋಲಿಸಿದರು. ಎನ್‌ಸಿಡಿ ಒಂಟಿಯಾಗಿ ನಾಲ್ಕು ಹೆಜ್ಜೆ ನೆಟ್ಟಗೆ ಇಡಲಾರದು. ಎರಡನ್ನು ಜೋಡಿಸಿದೊಡನೆ ಒಂದು ಮೈಕ್ರೊಮೀಟರಿಗೂ ಹೆಚ್ಚು ದೂರ ಓಡಿತು. ಎರಡರಿಂದ ನಾಲ್ಕರವರೆಗೆ ಅವುಗಳ ಬಲ ಕೂಡುತ್ತಲೇ ಹೋಯಿತು. ಒಂಟಿಯಾಗಿ ಗಟ್ಟಿಯಾದ ಕೈನೆಸಿನ್-1ರ ಬಲ ಮಾತ್ರ ಸಂಖ್ಯೆಯ ಜೊತೆ ಅಷ್ಟಾಗಿ ಏರಲಿಲ್ಲ. ಒಂಟಿ ಮೋಟಾರಿನ ಗುಣ ನೋಡಿ ಗುಂಪಿನ ಗುಣ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಓದಿಲ್ಲ.

ಡೈನೀನಿನ ಕಥೆ ಇನ್ನೂ ಸ್ವಾರಸ್ಯ. ಸಸ್ತನಿಗಳ ಒಂಟಿ ಡೈನೀನ್ ಒಂದು ಪಿಕೊನ್ಯೂಟನ್ ಆಸುಪಾಸಿನ ಬಡಕಲು ಎಂದು ಅಳತೆಗಳು ಹೇಳುತ್ತಿದ್ದವು. ಹಾಗಿದ್ದರೆ ಕೈನೆಸಿನ್ ಎದುರು ಗೆಲ್ಲುವುದು ಹೇಗೆ? 2013ರಲ್ಲಿ ಮಲ್ಲಿಕ್ ಅವರ ತಂಡ ಉತ್ತರ ಕೊಟ್ಟಿತು: ಗುಂಪುಗೂಡಿ. ಎಳೆತ ಒಂದು ಮಿತಿ ದಾಟಿದರೆ ಡೈನೀನಿನ ಹಿಡಿತ ಸಡಿಲವಾಗುವ ಬದಲು, ಜೀರುಗುಣಿಕೆಯಂತೆ ಎಳೆದಷ್ಟೂ ಬಿಗಿಯಾಗುತ್ತದೆ. ಇದಕ್ಕೆ ಕ್ಯಾಚ್ ಬಾಂಡ್ ಎನ್ನುತ್ತಾರೆ. ಹೊರೆ ಹೀಗೆ ಗುಂಪಿನಲ್ಲಿ ಸಮನಾಗಿ ಹಂಚಿಹೋಗುತ್ತದೆ. ಈ ಸಾಲಿನ ಕೆಲಸಕ್ಕಾಗಿ ಬೆಂಗಳೂರಿನ ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನದ 2018ರ ಪ್ರಶಸ್ತಿ ಅವರಿಗೆ ಬಂತು.

ಅಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಡೈನೀನ್ ಒಂಟಿಯಾಗಿದ್ದಾಗ ಮೈ ಮಡಿಸಿಕೊಂಡು ಸುಮ್ಮನಿರುತ್ತದೆ, ಡೈನಾಕ್ಟಿನ್ ಮತ್ತು ಬಿಐಸಿಡಿ2ರಂಥ ಜೋಡಣೆ ಪ್ರೋಟೀನ್ ಜೊತೆಗೂಡಿದಾಗಲೇ ಎಚ್ಚರಗೊಳ್ಳುತ್ತದೆ ಎಂದು 2014ರಲ್ಲಿ ಗೊತ್ತಾಯಿತು. ಯಿಲ್ದಿಜ್ ತಂಡ 2016ರಲ್ಲಿ ಅಳೆದಾಗ ಈ ಮೂರರ ಕೂಟದ ಬಲ 4.3 ಪಿಕೊನ್ಯೂಟನ್. ಒಂದೇ ಕೂಟ ಒಂದು ಕೈನೆಸಿನ್ ಎದುರು ತಡೆದು ನಿಲ್ಲುತ್ತದೆ, ದೊಡ್ಡ ಗುಂಪು ಬೇಕಾಗಿಲ್ಲ. ಇಲ್ಲಿ ಮಲ್ಲಿಕ್ ಮತ್ತು ಯಿಲ್ದಿಜ್ ತಂಡಗಳ ನಿಲುವುಗಳು ಪರಸ್ಪರ ಎದುರಾಗುತ್ತವೆ. ಜೀವಕೋಶದ ಸರಕಿನ ಮೇಲೆ ಇರುವುದು ಸುಪ್ತ ಡೈನೀನುಗಳ ಗುಂಪೋ, ಎಚ್ಚರಗೊಂಡ ಒಂದೆರಡೋ ಎಂಬುದನ್ನು ಅವಲಂಬಿಸಿ ಇಬ್ಬರೂ ಸರಿ ಇರಬಹುದು.

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಹ್ಯಾನ್‌ಕಾಕ್ ತಂಡ 2022ರಲ್ಲಿ ಇದೇ ಕೂಟಕ್ಕೆ ಡಿಎನ್‌ಎ ಮೂಲಕ ಕೈನೆಸಿನ್-1, 2, 3 ಒಂದೊಂದನ್ನೇ ಕಟ್ಟಿ ನೋಡಿತು. 2 ಮತ್ತು 3 ಹೊರೆ ಬಿದ್ದರೆ ಬೇಗ ಕೈಬಿಡುವಂಥವು, ಸೋಲಬೇಕಿತ್ತು. ಸೋಲಲಿಲ್ಲ. ಬಿಟ್ಟಷ್ಟೇ ಬೇಗ ಮತ್ತೆ ಹಿಡಿಯುವ ಗುಣ ಅವನ್ನು ಉಳಿಸಿತು. ಇದರ ಮುಂದಿನ ಹೆಜ್ಜೆಯಾಗಿ ಅದೇ ತಂಡ ಕೈನೆಸಿನ್ನನ್ನು ಉದ್ದನೆಯ ಡಿಎನ್‌ಎ ಎಳೆಯ ತುದಿಗೆ ಕಟ್ಟಿ, ಎಳೆಯ ಇನ್ನೊಂದು ತುದಿಯನ್ನು ಮೈಕ್ರೊಟ್ಯೂಬ್ಯೂಲಿಗೇ ಬಿಗಿದಿದೆ. ಮೋಟಾರ್ ಎಳೆದಂತೆ ಡಿಎನ್‌ಎ ಹಿಗ್ಗಿ ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತದೆ. ಹೀಗೆ ನೆಲಕ್ಕೆ ಸಮನಾಗಿ ಎಳೆದಾಗ ಕೈನೆಸಿನ್-1 ಮತ್ತು 2 ಕೂಡ ಹೊರೆಯಿಲ್ಲದ ಓಟಕ್ಕಿಂತ ಹೆಚ್ಚು ಹೊತ್ತು ಹಿಡಿದು ನಿಂತವು. ಕ್ಯಾಚ್ ಬಾಂಡ್ ಡೈನೀನಿನ ಸೊತ್ತು ಎಂದು ನಂಬಿದ್ದವರಿಗೆ ಇದು ದೊಡ್ಡ ಸುದ್ದಿ. ಹಳೆಯ ಲೇಸರ್ ಪ್ರಯೋಗಗಳಲ್ಲಿ ಮೋಟಾರಿಗಿಂತ ಎಷ್ಟೋ ಪಟ್ಟು ದೊಡ್ಡ ಮಣಿ ಮೇಲಿನಿಂದ ಕೂತಿರುತ್ತಿತ್ತು. ಎಳೆತದ ಒಂದು ಪಾಲು ಮೋಟಾರನ್ನು ದಾರಿಯಿಂದ ಮೇಲಕ್ಕೆ ಕೀಳುತ್ತಿತ್ತು. ಕೈನೆಸಿನ್ ಬೇಗ ಕೈಬಿಡುತ್ತದೆ ಎಂಬ ತಿಳಿವಳಿಕೆಯಲ್ಲಿ ಆ ಮಣಿಯ ಪಾಲೂ ಇತ್ತೇ ಎಂದು ಈಗ ಕೇಳಬೇಕಾಗಿದೆ.

ಮಯೋಸಿನ್ ಕಡೆಯಿಂದ

ಆಕ್ಟಿನ್ ಎಳೆಗಳ ಮೇಲೆ ಓಡುವ ಮಯೋಸಿನ್‌ಗೂ ಇದೇ ಸಾಧನ ಬಂದಿದೆ. ಶಿವರಾಜ್ ಶಿವರಾಮಕೃಷ್ಣನ್ ಅವರ ತಂಡ 2014ರಲ್ಲಿ ಮೀನಿನ ಚರ್ಮಕೋಶದಿಂದ ತೆಗೆದ ಆಕ್ಟಿನ್ ಜಾಲದ ಮೇಲೆ ಮಯೋಸಿನ್-5 ಮತ್ತು 6ನ್ನು ಓಡಿಸಿತು. ಒಂಟಿಯಾಗಿದ್ದಾಗ ಎರಡರ ದಾರಿಯೂ ಒಂದೇ ರೀತಿ ವಾಲುತ್ತಿತ್ತು. ಗುಂಪು ದೊಡ್ಡದಾದಂತೆ ಮಯೋಸಿನ್-6ರ ದಾರಿ ನೇರವಾಗುತ್ತ ಹೋಯಿತು, 5ರದು ಬದಲಾಗಲಿಲ್ಲ. ಕಾರಣ ಮೋಟಾರಿನ ತಲೆಗೆ ಸೇರಿದ ತೋಳಿನ ಬಿಗಿತ. ಎರಡರ ತೋಳು ಅದಲುಬದಲು ಮಾಡಿದಾಗ ಗುಣವೂ ಅದಲುಬದಲಾಯಿತು.

ಮಿತ್ಸುಹಿರೊ ಇವಾಕಿ, ತೊಶಿಯೊ ಯನಗಿದ ಮತ್ತು ಜೊತೆಗಾರರು 2016ರಲ್ಲಿ ಡಿಎನ್‌ಎ ಒರಿಗಾಮಿಯಿಂದ ಒಂದು ಸ್ಪ್ರಿಂಗನ್ನೇ ಮಾಡಿ ಮಯೋಸಿನ್-6ಕ್ಕೆ ಕಟ್ಟಿದರು. ಎಳೆತ ಹೆಚ್ಚಿದಾಗ ಅದರ ಎರಡು ತಲೆಗಳೂ ಅಕ್ಕಪಕ್ಕದಲ್ಲೇ ಆಕ್ಟಿನ್ನನ್ನು ಕಚ್ಚಿಕೊಂಡು ಕೂತವು, ಹೊರುವ ಮೋಟಾರ್ ಲಂಗರಾಗಿ ಬದಲಾಯಿತು. ಒಳಗಿವಿಯ ಕೂದಲುಕೋಶಗಳಲ್ಲಿ ಮಯೋಸಿನ್-6 ಕೆಟ್ಟರೆ ಕಿವುಡು ಬರುತ್ತದೆ. ಅಲ್ಲಿ ಅದು ಮಾಡುವ ಕೆಲಸ ಲಂಗರಿನದೇ ಇರಬಹುದು ಎಂಬ ಊಹೆಗೆ ಇದು ಇಂಬು ಕೊಡುತ್ತದೆ.

ಚೌಕಟ್ಟಿನ ಮೇಲಿನ ಆಕ್ಷೇಪಗಳು

ಮೊದಲನೆಯದು ಬಿಗಿತ. ಒರಿಗಾಮಿ ಕೋಲು ಗಡುಸು; ಜೀವಕೋಶದ ಸರಕಿನ ಹೊದಿಕೆ ಕೊಬ್ಬಿನ ಪೊರೆ, ಅದರಲ್ಲಿ ಮೋಟಾರಿನ ಬುಡ ಜಾರಾಡುತ್ತದೆ. ಡೇವಿಡ್ ವಾರ್‌ಶಾ ಮತ್ತು ಕ್ಯಾಥ್ಲೀನ್ ಟ್ರೈಬಸ್ ಅವರ ಗುಂಪು 2014ರಲ್ಲಿ ಇಂಥ ಪೊರೆಯ ಗುಳ್ಳೆಗಳಿಗೆ ಮಯೋಸಿನ್-5 ಕಟ್ಟಿದಾಗ ಅವು ಒಂಟಿ ಮೋಟಾರಿಗಿಂತಲೂ ವೇಗವಾಗಿ ಓಡಿದವು. ಗಡುಸು ಚೌಕಟ್ಟಿನ ಮೇಲೆ ಕಂಡ ಪರಸ್ಪರ ತಡೆ ಎಷ್ಟರಮಟ್ಟಿಗೆ ಮೋಟಾರಿನ ಗುಣ, ಎಷ್ಟರಮಟ್ಟಿಗೆ ಕೋಲಿನ ಗುಣ?

ಎರಡನೆಯದು ಎಣಿಕೆಯದೇ ಪ್ರಶ್ನೆ. ರಾಲ್ಫ್ ಯುಂಗ್‌ಮನ್ ಅವರ ತಂಡ 2018ರಲ್ಲಿ ಒರಿಗಾಮಿಯ ಬಾಲಗಳನ್ನು ಒಂದೊಂದಾಗಿ ಎಣಿಸಿತು. ನಡುವಿನ ಜಾಗಗಳಲ್ಲಿ 95% ಬಾಲಗಳು ಬಂದು ಕೂತಿದ್ದರೆ ಅಂಚಿನಲ್ಲಿ 48% ಮಾತ್ರ. ಬಾಲ ಇದ್ದಲ್ಲೂ ಮೋಟಾರ್ ಕೂರದೇ ಹೋಗಬಹುದು, ಕೂತದ್ದು ಕೆಲಸ ಮಾಡದೇ ಇರಬಹುದು. ಏಳು ಮೋಟಾರುಗಳ ಕೋಲು ಎಂದರೆ ಹೆಚ್ಚೆಂದರೆ ಏಳು ಎಂದೇ ಓದಿಕೊಳ್ಳಬೇಕು. ಸಾಧನದ ದೊಡ್ಡ ಭರವಸೆಯೇ ಇದಾದ್ದರಿಂದ, ಎಣಿಕೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸದ ಪ್ರಯೋಗವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಇನ್ನುಳಿದವು ಚಿಕ್ಕವಲ್ಲದಿದ್ದರೂ ಬೇಗ ಹೇಳಬಹುದಾದವು. ಒರಿಗಾಮಿ ಗಟ್ಟಿಯಾಗಿರಲು ಬೇಕಾದ ಮೆಗ್ನೀಸಿಯಂ ಪ್ರಮಾಣ ಮೋಟಾರಿಗೆ ಒಗ್ಗುವುದಕ್ಕಿಂತ ಹೆಚ್ಚು, ಪ್ರತಿ ಪ್ರಯೋಗವೂ ಒಂದು ರಾಜಿ. ಬಳಸುವ ಕೈನೆಸಿನ್ ಸಾಮಾನ್ಯವಾಗಿ ಬಾಲ ಕತ್ತರಿಸಿದ್ದು, ತನ್ನನ್ನು ತಾನು ತಡೆದುಕೊಳ್ಳುವ ಭಾಗವೇ ಅದರಲ್ಲಿಲ್ಲ. ದಾರಿಯೂ ಬರಿದು: ನರಕೋಶದ ಮೈಕ್ರೊಟ್ಯೂಬ್ಯೂಲಿನ ಮೇಲಿರುವ ಟಾವ್, ಎಂಎಪಿ7ನಂಥ ಪ್ರೋಟೀನುಗಳು ಯಾವ ಮೋಟಾರಿಗೆ ದಾರಿ ಕೊಡಬೇಕೆಂದು ನಿರ್ಧರಿಸುವುದರಲ್ಲಿ ಪಾಲುದಾರರು.

ಜೀವಂತ ಕೋಶದೊಳಗೇ ಡಿಎನ್‌ಎ ರಚನೆ ಕಳಿಸಿ ಅಳೆಯಬಹುದೇ? ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿದ್ದಾಗ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಐ-ಸ್ವಿಚ್ ಎಂಬ ಡಿಎನ್‌ಎ ಸಾಧನವನ್ನು ಎಂಡೊಸೋಮುಗಳೊಳಗೆ ಕಳಿಸಿ ಅವುಗಳ ಆಮ್ಲೀಯತೆ ಅಳೆದಿತ್ತು. ಎಂಡೊಸೋಮುಗಳೆಂದರೆ ಈ ಮೋಟಾರುಗಳು ಎಳೆಯುವ ಸರಕುಗಳೇ. ಆದರೆ ಐ-ಸ್ವಿಚ್ ಕೂರುವುದು ಪೊರೆಯ ಒಳಗೆ, ಮೋಟಾರುಗಳಿರುವುದು ಹೊರಗೆ. ಆ ಹೊರಮೈಗೆ ಎಣಿಸಿದ ಬಾಲಗಳನ್ನು ಮುಟ್ಟಿಸುವುದು ಬೇರೆಯೇ ಕೆಲಸ.

ಇನ್ನೂ ತೀರದ್ದು

ಹಿಡಿತದ ವಿಷಯದಲ್ಲಿ ಒಮ್ಮತವಿಲ್ಲ. ಮಣಿಯ ಪ್ರಯೋಗ ಒಂದು ಹೇಳುತ್ತದೆ, ಡಿಎನ್‌ಎ ಸ್ಪ್ರಿಂಗು ಇನ್ನೊಂದು. ಆಕ್ಸಾನಿನ ಇಕ್ಕಟ್ಟಿನಲ್ಲಿ ಸರಕಿನ ಎಳೆತ ಎಷ್ಟು ನೆಲಕ್ಕೆ ಸಮನಾಗಿ, ಎಷ್ಟು ಮೇಲಕ್ಕೆ ಬೀಳುತ್ತದೆ ಎಂಬುದು ಸರಕಿನ ಗಾತ್ರಕ್ಕೆ ತಕ್ಕಂತೆ ಬದಲಾಗಬೇಕು. ದೊಡ್ಡ ಮೈಟೊಕಾಂಡ್ರಿಯಕ್ಕೂ ಪುಟ್ಟ ಕೋಶಿಕೆಗೂ ಒಂದೇ ನಿಯಮ ಹೊಂದುತ್ತದೆಂದು ಯಾರೂ ತೋರಿಸಿಲ್ಲ.

ಜೋಡಣೆ ಪ್ರೋಟೀನುಗಳ ಪಾತ್ರ ಇನ್ನೂ ಕಗ್ಗಂಟು. ಹುಕ್3 ಎಂಬುದು ಡೈನೀನನ್ನೂ ಕೆಐಎಫ್1ಸಿ ಎಂಬ ಕೈನೆಸಿನ್ನನ್ನೂ ಒಟ್ಟಿಗೆ ಹಿಡಿಯಬಲ್ಲದು ಎಂದು ರೆಕ್-ಪೀಟರ್ಸನ್ ತಂಡ 2019ರಲ್ಲಿ ತೋರಿಸಿದೆ. ಈ ಕೂಟಗಳಲ್ಲಿ ಎರಡು ಮೋಟಾರುಗಳೂ ದಾರಿಯನ್ನು ಹಿಡಿದು ಜಗ್ಗಾಡುವುದು ಕಾಣುವುದಿಲ್ಲ, ಯಾವುದಾದರೂ ಒಂದು ಓಡುತ್ತದೆ. ಹಾಗಾದರೆ ಹ್ಯಾನ್‌ಕಾಕ್ ಮತ್ತು ಡರ್ ಡಿಎನ್‌ಎಯಿಂದ ಕಟ್ಟಿ ನೋಡಿದ ಜಗ್ಗಾಟ ಜೀವಕೋಶದಲ್ಲಿ ನಡೆಯುವುದು ಯಾವಾಗ? ಯಾವಾಗಲೂ, ಆಗಾಗ, ಇಲ್ಲವೇ ಏನಾದರೂ ಕೆಟ್ಟಾಗ ಮಾತ್ರವೇ? ಕೆಐಎಫ್1ಎ ಎಂಬ ಕೈನೆಸಿನ್ನಿನ ವಂಶವಾಹಿ ಕೆಟ್ಟ ಮಕ್ಕಳಲ್ಲಿ, ಡೈನೀನಿಗೆ ನೆರವಾಗುವ ಎಲ್‌ಐಎಸ್1 ಕೊರತೆಯಿಂದ ಮಿದುಳಿನ ಮಡಿಕೆಗಳೇ ಮೂಡದ ಮಕ್ಕಳಲ್ಲಿ ತಪ್ಪುತ್ತಿರುವುದು ಬಲವೋ, ಹಿಡಿತವೋ, ಹೊಂದಾಣಿಕೆಯೋ ಎಂಬುದಕ್ಕೂ ಇದೇ ಉತ್ತರ ಬೇಕು.

ಇವೆಲ್ಲದರ ಬುಡದಲ್ಲಿರುವುದು ಒಂದು ಬಿಡಿ ಪ್ರಶ್ನೆ. ನರಕೋಶದಲ್ಲಿ ಒಂದು ಸರಕು ಒಡಲಿನ ಕಡೆ ಬರುತ್ತಿರುವಾಗ ಅದರ ಮೈಮೇಲಿರುವ ಕೈನೆಸಿನ್ ದಾರಿಯನ್ನು ಬಿಟ್ಟು ಸುಮ್ಮನೆ ಕೂತಿದೆಯೋ, ಹಿಡಿಯುತ್ತ ಬಿಡುತ್ತ ಹಿಂದಕ್ಕೆ ಎಳೆಸಿಕೊಳ್ಳುತ್ತಿದೆಯೋ? ಗಾಜಿನ ಮೇಲೆ ಇದನ್ನು ಈಗ ಮೋಟಾರ್ ಎಣಿಸಿ ಹೇಳಬಹುದು. ಜೀವಂತ ಆಕ್ಸಾನಿನೊಳಗೆ ಓಡುತ್ತಿರುವ ಒಂದೇ ಸರಕಿನ ಪ್ರತಿ ಮೋಟಾರನ್ನೂ ಹೀಗೆ ಬೇರೆಬೇರೆಯಾಗಿ ನೋಡಿ ಹೇಳುವ ವಿಧಾನ ಇನ್ನೂ ಕೈಗೆ ಬಂದಿಲ್ಲ.